ತಗಡಿನ ಕೋಣೆಯ 1,029 ಗೂಡುಗಳು

ಮನೆಯಲ್ಲೇ ಕುಳಿತು ಬರೆಯುವ, ಓದುವ, ಲೆಕ್ಕ ನೋಡುವ ಕೆಲಸದವರ ಮೇಜಿನ ಮೇಲೆ ಕಾಗದ ಬೆಳೆಯುತ್ತಲೇ ಇರುತ್ತದೆ. ವಕೀಲರ ಮನೆಯ ಮುಂಗೋಣೆಯಾಗಲಿ, ಮೇಷ್ಟರ ಮನೆಯ ಕಿಟಕಿ ಬದಿಯಾಗಲಿ, ದೃಶ್ಯ ಒಂದೇ. ಮನೆಯವರ ಕಣ್ಣಿಗೆ ಅದು ಕಸದ ರಾಶಿ. ಅಲ್ಲಿ ಕುಳಿತವರ ಮಟ್ಟಿಗೆ ಅದರಲ್ಲೊಂದು ಕ್ರಮವಿದೆ. ಯಾವ ಕಾಗದ ಎಲ್ಲಿದೆ ಎಂದು ಅವರಿಗೆ ಗೊತ್ತು. ಬೇರೆಯವರು ಮುಟ್ಟಬಾರದು, ಅಷ್ಟೆ. ಈ ಎರಡು ನೋಟಗಳಲ್ಲಿ ಯಾವುದು ಸರಿ? ಪ್ರಶ್ನೆ ಚಿಕ್ಕದೆಂದು ತೋರಬಹುದು. ಆದರೆ ಒಂದು ಭಾಷೆಯ ಮಹಾನಿಘಂಟಿನ ಅಳಿವು ಉಳಿವು ಇದೇ ಪ್ರಶ್ನೆಯ ಮೇಲೆ ನಿಂತಿದ್ದ ಕಾಲವೊಂದಿತ್ತು.

1879ರಲ್ಲಿ ಲಂಡನ್ನಿನ ಹೊರವಲಯದ ಮಿಲ್ ಹಿಲ್ ಎಂಬ ಊರಿನಲ್ಲಿದ್ದ ಒಬ್ಬ ಶಾಲಾ ಉಪಾಧ್ಯಾಯರ ಮನೆಗೆ ಗಾಡಿಗಳಲ್ಲಿ ಮೂಟೆ, ಬುಟ್ಟಿ, ಪೆಟ್ಟಿಗೆಗಳು ಬಂದಿಳಿದವು. ಒಳಗಿದ್ದದ್ದು ಬರೀ ಚೀಟಿಗಳು. ಒಟ್ಟು ತೂಕ ಸುಮಾರು ಎರಡು ಟನ್. ಆ ಉಪಾಧ್ಯಾಯರ ಹೆಸರು ಜೇಮ್ಸ್ ಮರ್ರೆ. ಆ ಚೀಟಿಗಳಿಂದ ಹುಟ್ಟಬೇಕಾಗಿದ್ದ ಪುಸ್ತಕ ಮುಂದೆ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಎಂದು ಹೆಸರಾಯಿತು.

ಐವತ್ತನಾಲ್ಕು ಗೂಡುಗಳ ಅಂದಾಜು

ಕಥೆ ಶುರುವಾಗುವುದು ಅದಕ್ಕೂ ಇಪ್ಪತ್ತೆರಡು ವರ್ಷ ಮೊದಲು. 1857ರಲ್ಲಿ, ಭಾರತದಲ್ಲಿ ಸಿಪಾಯಿಗಳ ದಂಗೆ ಎದ್ದ ವರ್ಷವೇ, ಲಂಡನ್ನಿನ ಫಿಲಲಾಜಿಕಲ್ ಸೊಸೈಟಿಯ ವಿದ್ವಾಂಸರು ತಮ್ಮ ಭಾಷೆಯ ನಿಘಂಟುಗಳ ಕೊರತೆಯನ್ನು ಲೆಕ್ಕ ಹಾಕಲು ಕುಳಿತರು. ಎಷ್ಟೋ ಪದಗಳು ಯಾವ ನಿಘಂಟಿನಲ್ಲೂ ಇರಲಿಲ್ಲ. ಇದ್ದ ಪದಗಳಿಗೂ ಚರಿತ್ರೆ ಇರಲಿಲ್ಲ. ಹೊಸ ನಿಘಂಟು ಪ್ರತಿ ಪದದ ಜಾತಕ ಬರೆಯಬೇಕು, ಅದು ಮೊದಲು ಯಾವ ಪುಸ್ತಕದಲ್ಲಿ ಕಾಣಿಸಿತು, ಅರ್ಥ ಯಾವಾಗ ಬದಲಾಯಿತು ಎಂಬುದನ್ನು ಪ್ರಯೋಗಗಳ ಸಮೇತ ತೋರಿಸಬೇಕು ಎಂದು ತೀರ್ಮಾನವಾಯಿತು.

ಇದಕ್ಕೆ ದಾರಿ ಒಂದೇ. ನೂರಾರು ಜನ ಸಾವಿರಾರು ಪುಸ್ತಕಗಳನ್ನು ಓದಬೇಕು. ಗಮನಕ್ಕೆ ಬಂದ ಪದವನ್ನು ಚೀಟಿಯ ಎಡಮೂಲೆಯಲ್ಲಿ ಬರೆದು, ಕೆಳಗೆ ಪುಸ್ತಕದ ವರ್ಷ, ಲೇಖಕ, ಹೆಸರು, ಪುಟ, ಆ ವಾಕ್ಯ ಇಷ್ಟನ್ನೂ ನಕಲು ಮಾಡಿ ಕಳಿಸಬೇಕು. ಒಂದು ಚೀಟಿಗೆ ಒಂದೇ ಪದ.

ಮೊದಲ ಸಂಪಾದಕ ಹರ್ಬರ್ಟ್ ಕೋಲ್‌ರಿಜ್, ಹೆಸರಾಂತ ಕವಿ ಕೋಲ್‌ರಿಜ್ ಅವರ ಮೊಮ್ಮಗ. ಚೀಟಿ ಜೋಡಿಸಲು ಅವರು 54 ಗೂಡುಗಳ ಒಂದು ಮರದ ಚೌಕಟ್ಟು ಮಾಡಿಸಿದರು. ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸುವ ಗೂಡುಗಳಿರುತ್ತವಲ್ಲ, ಅಂಥದೇ. ಅದರಲ್ಲಿ ಒಂದು ಲಕ್ಷ ಚೀಟಿ ಹಿಡಿಯುತ್ತದೆಂಬುದು ಲೆಕ್ಕ. ಅಷ್ಟು ಸಾಕೆಂದು ಅವರು ನಂಬಿದ್ದರು. 1861ರಲ್ಲಿ, ಮೂವತ್ತರ ಹರೆಯದಲ್ಲೇ, ಅವರು ಕ್ಷಯರೋಗದಿಂದ ತೀರಿಕೊಂಡರು. ನಾಳೆಯಿಂದ ಸಂಸ್ಕೃತ ಕಲಿಯಲು ಆರಂಭಿಸಬೇಕು ಎಂದು ಕೊನೆಗಾಲದಲ್ಲಿ ಹೇಳಿದರೆಂಬ ಪ್ರತೀತಿ ಇದೆ.

ಕೋಲ್‌ರಿಜ್ ಅವರ ಕ್ರಮದಲ್ಲಿ ಶಿಸ್ತಿತ್ತು, ಅಳತೆ ಇರಲಿಲ್ಲ. ಕೆಲಸ ಎಷ್ಟು ಬೆಳೆಯುತ್ತದೆಂದು ತಿಳಿಯುವ ಮೊದಲೇ ಗೂಡುಗಳ ಸಂಖ್ಯೆ ತೀರ್ಮಾನವಾಗಿತ್ತು.

ಮೂಟೆಯಲ್ಲಿ ಇಲಿಯ ಸಂಸಾರ

ಎರಡನೆಯ ಸಂಪಾದಕ ಫ್ರೆಡರಿಕ್ ಫರ್ನಿವಾಲ್ ಇದಕ್ಕೆ ತೀರ ವಿರುದ್ಧ ಸ್ವಭಾವದವರು. ಉತ್ಸಾಹದ ಬುಗ್ಗೆ. ಹಳೆಯ ಇಂಗ್ಲಿಷ್ ಗ್ರಂಥಗಳು ಅಚ್ಚಾಗದಿದ್ದರೆ ಓದುಗರು ಪದ ಆರಿಸುವುದು ಎಲ್ಲಿಂದ ಎಂದು, 1864ರಲ್ಲಿ ಅದಕ್ಕೆಂದೇ ಒಂದು ಸಂಘ ಕಟ್ಟಿದರು. ಚೀಟಿಗಳು ಹರಿದು ಬಂದವು. ಎಲ್ಲವನ್ನೂ ಒಂದೆಡೆ ಇಡುವುದು ಸಾಧ್ಯವಿಲ್ಲವೆಂದು ಅವರು ಅಕ್ಷರಗಳನ್ನು ಹಂಚಿಬಿಟ್ಟರು. ಒಬ್ಬೊಬ್ಬ ಸ್ವಯಂಸೇವಕ ಉಪಸಂಪಾದಕರ ಮನೆಗೆ ಒಂದೊಂದು ಅಕ್ಷರ ಹೋಯಿತು. ಯಾರ ಮನೆಯಲ್ಲಿ ಯಾವ ಅಕ್ಷರವಿದೆ ಎಂಬುದಕ್ಕೆ ಫರ್ನಿವಾಲರ ನೆನಪೇ ದಫ್ತರ.

ಹತ್ತು ಹದಿನೈದು ವರ್ಷ ಕಳೆಯಿತು. ಕೆಲವರು ಊರು ಬಿಟ್ಟರು, ಕೆಲವರು ಬೇಸತ್ತು ಕೈಬಿಟ್ಟರು, ಕೆಲವರು ಸತ್ತರು. ಚೀಟಿಗಳು ಮಾತ್ರ ಅಟ್ಟದಲ್ಲೋ ಲಾಯದಲ್ಲೋ ಉಳಿದವು.

ಮರ್ರೆ ಅವರ ಮನೆಗೆ 1879ರಲ್ಲಿ ಬಂದ ಮೂಟೆಗಳು ಇಂಥವು. ಒಂದು ಮೂಟೆಯಲ್ಲಿ ಸತ್ತ ಇಲಿ. ಇನ್ನೊಂದರಲ್ಲಿ ಜೀವಂತ ಇಲಿ, ಮರಿಗಳ ಸಮೇತ, ಚೀಟಿಗಳನ್ನೇ ಹಾಸಿಗೆ ಮಾಡಿಕೊಂಡಿತ್ತು. ತಳ ಕಿತ್ತುಹೋದ ಬುಟ್ಟಿಯಲ್ಲಿ ಒಂದಿಡೀ ಅಕ್ಷರ ಬಂತು. ‘ಎಚ್’ ಅಕ್ಷರ ಇಂಗ್ಲೆಂಡಿನಲ್ಲೇ ಇರಲಿಲ್ಲ. ಅದು ಇಟಲಿಯ ಫ್ಲಾರೆನ್ಸಿನಲ್ಲಿ, ಅಮೆರಿಕದ ರಾಯಭಾರಿಯೊಬ್ಬರ ವಶದಲ್ಲಿತ್ತು. ‘ಪಿ’ ಅಕ್ಷರದ ಆರಂಭದ ಚೀಟಿಗಳನ್ನು ಹುಡುಕಿಕೊಂಡು ಹೋದಾಗ ಅವು ಐರ್ಲೆಂಡಿನ ಒಂದು ಲಾಯದಲ್ಲಿ ಸಿಕ್ಕವು. ಬಹುಪಾಲು ಅಷ್ಟರಲ್ಲಿ ಒಲೆ ಹೊತ್ತಿಸಲು ಬಳಕೆಯಾಗಿತ್ತು. ಯಾರೋ ವರ್ಷಗಟ್ಟಲೆ ಕುಳಿತು ಓದಿ ಬರೆದ ಕೆಲಸ ಹೊಗೆಯಾಗಿ ಹೋಗಿತ್ತು.

ಅಂಗಳದ ಕಬ್ಬಿಣದ ಕೋಣೆ

ಮರ್ರೆ ಸ್ಕಾಟ್ಲೆಂಡಿನ ಹಳ್ಳಿಯೊಂದರ ದರ್ಜಿಯ ಮಗ. 1837ರಲ್ಲಿ ಹುಟ್ಟಿದರು. ಹದಿನಾಲ್ಕರ ವಯಸ್ಸಿಗೆ ಶಾಲೆ ಮುಗಿಯಿತು. ಮುಂದಿನದೆಲ್ಲ ಸ್ವಂತ ಓದು. ಕೆಲಕಾಲ ಲಂಡನ್ನಿನಲ್ಲಿ ಚಾರ್ಟರ್ಡ್ ಬ್ಯಾಂಕ್ ಆಫ್ ಇಂಡಿಯಾದ ಗುಮಾಸ್ತರಾಗಿದ್ದರು. 1870ರಿಂದ ಮಿಲ್ ಹಿಲ್ ಶಾಲೆಯಲ್ಲಿ ಉಪಾಧ್ಯಾಯರು. 1879ರ ಮಾರ್ಚ್ 1ರಂದು ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಮುದ್ರಣಾಲಯದೊಂದಿಗೆ ಒಪ್ಪಂದವಾಯಿತು. ಹತ್ತು ವರ್ಷದಲ್ಲಿ ನಾಲ್ಕು ಸಂಪುಟ ಮುಗಿಸಬೇಕು. ಕಚೇರಿ ಇಲ್ಲ. ಶಾಲೆಯ ಪಾಠವನ್ನು ಬಿಡುವಂತೆಯೂ ಇರಲಿಲ್ಲ. ಕೆಲಸ ನಡೆಯಬೇಕಾದದ್ದು ಮನೆಯಲ್ಲೇ.

ಮನೆಯೊಳಗೆ ಎರಡು ಟನ್ ಚೀಟಿಗೆ ಜಾಗವಿರಲಿಲ್ಲ. ಮಕ್ಕಳು ಹೆಚ್ಚುತ್ತಿದ್ದರು, ಕೊನೆಗೆ ಹನ್ನೊಂದು ಮಂದಿಯಾದರು. ಆದ್ದರಿಂದ ಮರ್ರೆ ಮನೆಯ ಮುಂದಿನ ತೋಟದಲ್ಲಿ ಸುಕ್ಕು ತಗಡಿನ ಒಂದು ಕೋಣೆ ಕಟ್ಟಿಸಿದರು. ಒಳಗೋಡೆಗೆ ಹಲಗೆ ಹೊದಿಸಿ, ಬೆಳಕಿಗೆ ಮೇಲ್ಛಾವಣಿಯಲ್ಲಿ ಗಾಜು ಹಾಕಿಸಿದರು. ಅದಕ್ಕೆ ‘ಸ್ಕ್ರಿಪ್ಟೋರಿಯಂ’ ಎಂದು ಹೆಸರಿಟ್ಟರು. ಮಧ್ಯಯುಗದ ಕ್ರೈಸ್ತ ಮಠಗಳಲ್ಲಿ ಸನ್ಯಾಸಿಗಳು ಗ್ರಂಥ ನಕಲು ಮಾಡುತ್ತಿದ್ದ ಕೋಣೆಗೆ ಆ ಹೆಸರು. ಹೆಸರು ಎಷ್ಟೇ ಘನವಾಗಿದ್ದರೂ ನೋಡುವವರಿಗೆ ಅದು ತಗಡಿನ ಷೆಡ್ಡು.

ಒಳಗೆ ಮರ್ರೆ 1,029 ಗೂಡುಗಳನ್ನು ಮಾಡಿಸಿದರು. ಕೋಲ್‌ರಿಜ್ ಅವರ 54ಕ್ಕೂ ಇದಕ್ಕೂ ಇರುವ ಅಂತರ ಕೇವಲ ಸಂಖ್ಯೆಯದಲ್ಲ. ಕೋಲ್‌ರಿಜ್ ಮೊದಲು ಗೂಡು ಮಾಡಿಸಿ ಚೀಟಿಗಾಗಿ ಕಾದರು. ಮರ್ರೆ ಮೊದಲು ರಾಶಿಯನ್ನು ನೋಡಿ, ಅದು ಇನ್ನೂ ಬೆಳೆಯುತ್ತದೆಂದು ತಿಳಿದು, ಅದರ ಅಳತೆಗೆ ಕೋಣೆಯನ್ನೇ ಕಟ್ಟಿದರು.

ಚೀಟಿಯ ದಾರಿ

ರಾಶಿ ಬಿಚ್ಚಿ ನೋಡಿದಾಗ ಇನ್ನೊಂದು ದೋಷ ಹೊರಬಿತ್ತು. ಓದುಗರು ಅಪರೂಪದ ಪದ ಕಂಡ ಕೂಡಲೇ ಚೀಟಿ ಬರೆದಿದ್ದರು, ದಿನಬಳಕೆಯ ಪದಗಳನ್ನು ದಾಟಿ ಹೋಗಿದ್ದರು. ಬೈಗುಳ, ದುರ್ಬಳಕೆ ಎಂಬ ಅರ್ಥದ ‘ಅಬ್ಯೂಸ್’ ಎಂಬ ಸಾಮಾನ್ಯ ಪದಕ್ಕೆ ಐದು ಚೀಟಿಯೂ ಇರಲಿಲ್ಲ. ಅದರದೇ ಬಳಗದ, ಯಾರೂ ಬಳಸದ ‘ಅಬ್ಯೂಷನ್’ ಎಂಬ ಪದಕ್ಕೆ ಸುಮಾರು ಐವತ್ತಿದ್ದವು. ನಮ್ಮ ಮನೆಗಳಲ್ಲೂ ಹಳೆಯ ಮದುವೆಯ ಕರೆಯೋಲೆ ಭದ್ರವಾಗಿದ್ದು, ಬೇಕಾದ ಕಂದಾಯದ ರಸೀದಿ ಸಿಗುವುದಿಲ್ಲವಲ್ಲ, ಹಾಗೆ.

ಮರ್ರೆ 1879ರ ಏಪ್ರಿಲ್‌ನಲ್ಲಿ ಹೊಸ ಮನವಿ ಅಚ್ಚು ಹಾಕಿಸಿ ಹಂಚಿದರು. ಯಾವ ಪುಸ್ತಕ ಓದಬೇಕು, ಸಾಮಾನ್ಯ ಪದವನ್ನೂ ಹೇಗೆ ಗಮನಿಸಬೇಕು, ಚೀಟಿ ಎಷ್ಟು ಅಳತೆಯದಿರಬೇಕು ಎಂಬುದೆಲ್ಲ ಅದರಲ್ಲಿತ್ತು. ಇಂಗ್ಲೆಂಡ್, ಅಮೆರಿಕ, ವಸಾಹತುಗಳಿಂದ ದಿನಕ್ಕೆ ಸಾವಿರದ ಲೆಕ್ಕದಲ್ಲಿ ಚೀಟಿ ಬರತೊಡಗಿದವು.

ಬಂದ ಚೀಟಿಗೆ ಒಂದು ನಿಶ್ಚಿತ ದಾರಿ ಇತ್ತು. ಮೊದಲು ಮೊದಲಕ್ಷರದ ಪ್ರಕಾರ ವಿಂಗಡಣೆ. ಆಮೇಲೆ ಪೂರ್ಣ ಅಕಾರಾದಿ. ಒಂದೇ ಪದದ ಚೀಟಿಗಳು ಒಟ್ಟಿಗೆ ಬಂದ ಮೇಲೆ ನಾಮಪದವೋ ಕ್ರಿಯಾಪದವೋ ಎಂದು ಬೇರೆ ಮಾಡುವುದು. ಅದರೊಳಗೆ ವರ್ಷದ ಪ್ರಕಾರ ಜೋಡಿಸುವುದು. ನಂತರ ಉಪಸಂಪಾದಕರು ಅರ್ಥಭೇದಗಳನ್ನು ಸ್ಥೂಲವಾಗಿ ವಿಂಗಡಿಸುತ್ತಿದ್ದರು. ಕಟ್ಟು ಕೊನೆಗೆ ಮರ್ರೆ ಅವರ ಮೇಜಿಗೆ ಬರುತ್ತಿತ್ತು. ಅವರು ಚೀಟಿಗಳನ್ನು ಹರಡಿ, ಯಾವ ಅರ್ಥದಿಂದ ಯಾವ ಅರ್ಥ ಹುಟ್ಟಿತೆಂದು ನೋಡಿ, ಮತ್ತೆ ಜೋಡಿಸಿ, ಪದದ ವಿವರಣೆಯನ್ನು ಬರೆದು ಮೇಲಿಡುತ್ತಿದ್ದರು. ಆ ಕಟ್ಟೇ ಅಚ್ಚುಮನೆಗೆ ಹೋಗುವ ಹಸ್ತಪ್ರತಿ.

ಮೊದಲ ಹಂತದ ವಿಂಗಡಣೆಗೆ ಮನೆಯ ಮಕ್ಕಳೂ ಕೂರುತ್ತಿದ್ದರು. ಅಕ್ಷರ ಕಲಿತ ಮಗುವಿಗೆ ಗಂಟೆಗೆ ಒಂದು ಪೆನ್ನಿ. ದೊಡ್ಡವರಾದಂತೆ ಕೂಲಿ ಏರುತ್ತಿತ್ತು. ಜೇಬುಖರ್ಚಿಗೆ ಅದೇ ದಾರಿ. ಎಲ್ಸಿ, ರಾಸ್‌ಫ್ರಿತ್ ಎಂಬ ಇಬ್ಬರು ಹೆಣ್ಣುಮಕ್ಕಳು ಮುಂದೆ ನಿಘಂಟಿನ ಸಿಬ್ಬಂದಿಯನ್ನೇ ಸೇರಿದರು. ಮರ್ರೆ ಅವರ ಕ್ರಮದ ಗುಟ್ಟು ಇಲ್ಲಿದೆ. ಅದು ಅವರ ಸ್ವಭಾವಕ್ಕೆ ಹೊಂದುವಂತೆ ಕಟ್ಟಿದ್ದು ನಿಜ. ಆದರೆ ಏಳೆಂಟು ವರ್ಷದ ಮಗುವೂ ಅದರಲ್ಲಿ ಒಂದು ಚೀಟಿಯನ್ನು ಸರಿಯಾದ ಜಾಗಕ್ಕೆ ಹಾಕಬಹುದಿತ್ತು.

ಐದು ವರ್ಷದ ದುಡಿಮೆಯ ಬಳಿಕ 1884ರಲ್ಲಿ ಮೊದಲ ಭಾಗ ಹೊರಬಂತು. 352 ಪುಟ. ‘ಎ’ ಅಕ್ಷರದಿಂದ ಆರಂಭಿಸಿ ಇರುವೆ ಎಂಬ ಅರ್ಥದ ‘ಆ್ಯಂಟ್’ ಪದದವರೆಗೆ. ಒಪ್ಪಂದದ ಅರ್ಧ ಕಾಲ ಮುಗಿದಿತ್ತು, ಒಂದು ಅಕ್ಷರವೂ ಮುಗಿದಿರಲಿಲ್ಲ.

ನೆಲಕ್ಕಿಳಿದ ಕಚೇರಿ

1885ರಲ್ಲಿ ಮರ್ರೆ ಶಾಲೆಯ ಕೆಲಸ ಬಿಟ್ಟು ಆಕ್ಸ್‌ಫರ್ಡಿಗೆ ಬಂದರು. ಬ್ಯಾನ್‌ಬರಿ ರಸ್ತೆಯ ‘ಸನ್ನಿಸೈಡ್’ ಎಂಬ ಮನೆ. ಹಿತ್ತಿಲಿನಲ್ಲಿ ಮೊದಲಿಗಿಂತ ದೊಡ್ಡದಾದ ಹೊಸ ತಗಡಿನ ಕೋಣೆ ಎದ್ದಿತು. ಪಕ್ಕದ ಮನೆಯ ಪ್ರಾಧ್ಯಾಪಕರು ತಮ್ಮ ನೋಟಕ್ಕೆ ಅಡ್ಡವಾಗುತ್ತದೆಂದು ಆಕ್ಷೇಪಿಸಿದರು. ಕೊನೆಗೆ ಕೋಣೆಯನ್ನು ಮೂರು ಅಡಿಯಷ್ಟು ನೆಲದೊಳಗೆ ಇಳಿಸಿ ಕಟ್ಟಬೇಕಾಯಿತು. ಫಲವಾಗಿ ಒಳಗೆ ತೇವ, ಗಾಳಿಯಾಟ ಕಡಿಮೆ, ಚಳಿಗಾಲದಲ್ಲಿ ಕೊರೆತ. ಮರ್ರೆ ದಪ್ಪ ಕೋಟು ಹಾಕಿಕೊಂಡು, ಕಾಲುಗಳನ್ನು ಒಂದು ಪೆಟ್ಟಿಗೆಯೊಳಗೆ ಇಟ್ಟುಕೊಂಡು ಬರೆಯುತ್ತಿದ್ದರು. ಸಹಾಯಕರ ಮೇಜುಗಳ ನಡುವೆ ಅವರ ಮೇಜು ಒಂದಡಿ ಎತ್ತರದ ಜಗಲಿಯ ಮೇಲಿತ್ತು.

ಅಂಚೆಯ ಭರಾಟೆ ಎಷ್ಟಿತ್ತೆಂದರೆ ಅಂಚೆ ಇಲಾಖೆ ಅವರ ಮನೆಯ ಎದುರಿಗೇ ಒಂದು ಕೆಂಪು ಡಬ್ಬಿ ನಿಲ್ಲಿಸಿತು. ‘ಮರ್ರೆ, ಆಕ್ಸ್‌ಫರ್ಡ್’ ಎಂದಷ್ಟೇ ಬರೆದ ಕಾಗದವೂ ತಲುಪುತ್ತಿತ್ತು. ಕಾಶಿಯ ಸಂಸ್ಕೃತ ಕಾಲೇಜಿನಲ್ಲಿ ಹಿಂದೆ ಪಾಠ ಹೇಳಿದ್ದ ಫಿಟ್ಸ್‌ಎಡ್ವರ್ಡ್ ಹಾಲ್ ಎಂಬ ಅಮೆರಿಕದ ವಿದ್ವಾಂಸರು ಇಂಗ್ಲೆಂಡಿನ ಹಳ್ಳಿಯೊಂದರಲ್ಲಿ ಕುಳಿತು ದಿನಕ್ಕೆ ಹಲವು ಗಂಟೆ ಕರಡು ತಿದ್ದಿ ಕಳಿಸುತ್ತಿದ್ದರು. ಹೀಗೆ ಸುಮಾರು ಇಪ್ಪತ್ತು ವರ್ಷ.

ಬೇರೊಂದು ಕೋಣೆ, ಬೇರೊಂದು ಕ್ರಮ

ಎಲ್ಲರೂ ಒಂದೇ ರೀತಿ ಜೋಡಿಸಬೇಕೆಂದೇನೂ ಇಲ್ಲ ಎಂಬುದಕ್ಕೆ ಇದೇ ನಿಘಂಟಿನಲ್ಲಿ ಉದಾಹರಣೆ ಇದೆ. ಡಾ. ವಿಲಿಯಂ ಮೈನರ್ ಅಮೆರಿಕದ ಸೈನ್ಯದಲ್ಲಿ ವೈದ್ಯರಾಗಿದ್ದವರು. ಮನೋವಿಕಲತೆಯ ಭ್ರಮೆಯಲ್ಲಿ 1872ರಲ್ಲಿ ಲಂಡನ್ನಿನಲ್ಲಿ ಒಬ್ಬ ಕಾರ್ಮಿಕನನ್ನು ಗುಂಡಿಟ್ಟು ಕೊಂದರು. ಬ್ರಾಡ್‌ಮೂರ್ ಎಂಬ ಮಾನಸಿಕ ಅಸ್ವಸ್ಥರ ಬಂಧನಾಲಯದಲ್ಲಿ ಅವರಿಗೆ ಎರಡು ಕೋಣೆ ದೊರೆಯಿತು. ಗೋಡೆ ತುಂಬ ಪುಸ್ತಕಗಳನ್ನು ಜೋಡಿಸಿಕೊಂಡರು. ಬಹುಪಾಲು ಹದಿನಾರು, ಹದಿನೇಳನೇ ಶತಮಾನದ ಹಳೆಯ ಗ್ರಂಥಗಳು.

ಮೈನರ್ ಓದುತ್ತ ಚೀಟಿ ಬರೆಯಲಿಲ್ಲ. ಕಾಗದ ಮಡಚಿ ಚಿಕ್ಕ ಪುಸ್ತಿಕೆ ಮಾಡಿ, ಪುಸ್ತಕದಲ್ಲಿ ಕಂಡ ಪದಗಳನ್ನು ಅಕಾರಾದಿಯಾಗಿ ಪುಟಸಂಖ್ಯೆಯೊಡನೆ ಗುರುತು ಹಾಕುತ್ತಿದ್ದರು. ಮುಂದೆ ಬರುವ ಪದಕ್ಕೆ ಎಷ್ಟು ಜಾಗ ಬಿಡಬೇಕೆಂದು ಮೊದಲೇ ಊಹಿಸಿ ಬರೆಯಬೇಕಾದ ಕೆಲಸ ಅದು. ಆಮೇಲೆ ಆಕ್ಸ್‌ಫರ್ಡಿಗೆ ಕಾಗದ ಬರೆದು ಈಗ ಯಾವ ಪದ ನಡೆಯುತ್ತಿದೆ ಎಂದು ಕೇಳುವರು. ಉತ್ತರ ಬಂದ ಮೇಲೆ ಪುಸ್ತಿಕೆ ತೆರೆದು, ಆ ಪದದ ಪ್ರಯೋಗಗಳನ್ನು ಮಾತ್ರ ಚೀಟಿ ಮಾಡಿ ಕಳಿಸುವರು. ಇತರರು ಸಿಕ್ಕಿದ್ದನ್ನು ಕಳಿಸಿದರೆ, ಮೈನರ್ ಬೇಕಾದ್ದನ್ನು ಬೇಕಾದಾಗ ಕಳಿಸಿದರು. ಅವರಿಗೆ ಜಾಗ ಕಡಿಮೆ, ಸಮಯ ಬೇಕಾದಷ್ಟು. ಆ ಸ್ಥಿತಿಗೆ ತಕ್ಕ ಕ್ರಮ ಅದು. ಮರ್ರೆ ಅದನ್ನು ಬದಲಿಸಲು ಹೋಗಲಿಲ್ಲ. ಕೊನೆಗೆ ಬರುವ ಚೀಟಿ ತಮ್ಮ ಗೂಡಿಗೆ ಹೊಂದಿದರೆ ಸಾಕಿತ್ತು.

ಕಳೆದುಹೋದ ದಾಸಿ

ಇಷ್ಟೆಲ್ಲ ಇದ್ದೂ ತಪ್ಪು ನಡೆಯಿತು. ದಾಸಿ, ಜೀತದ ಹೆಣ್ಣು ಎಂಬ ಅರ್ಥದ ‘ಬಾಂಡ್‌ಮೇಡ್’ ಎಂಬ ಪದದ ಚೀಟಿಗಳು ಕಟ್ಟಿನಿಂದ ಎಲ್ಲೋ ಜಾರಿದವು. ‘ಬಿ’ ಅಕ್ಷರದ ಸಂಪುಟ ಅಚ್ಚಾಗಿ ಹೊರಬಂದ ಮೇಲೆ ಆ ಪದವೇ ಇಲ್ಲದಿರುವುದು ಗೊತ್ತಾಯಿತು. ಬೈಬಲ್ ಓದಿದ ಯಾರಿಗಾದರೂ ಪರಿಚಿತವಾದ ಪದ ಅದು. ಮರ್ರೆ ಅವರಿಗೆ ಇದು ದೊಡ್ಡ ಮುಜುಗರ. ಪದಕ್ಕೆ ನಿಘಂಟಿನಲ್ಲಿ ಸ್ಥಾನ ಸಿಕ್ಕಿದ್ದು 1933ರ ಪುರವಣಿಯಲ್ಲಿ. ಆಗ ಮರ್ರೆ ಇರಲಿಲ್ಲ.

ಐವತ್ತು ಲಕ್ಷ ಚೀಟಿಗಳು ಓಡಾಡಿದ ಕೋಣೆಯಲ್ಲಿ ಈ ಒಂದು ಪದದ ಕಥೆ ಇಂದಿಗೂ ಹೇಳುವಂಥದ್ದಾಗಿ ಉಳಿದಿದೆಯೆಂದರೆ, ಅದು ಆ ಕ್ರಮದ ಬಲವನ್ನೂ ತೋರಿಸುತ್ತದೆ. ಫರ್ನಿವಾಲರ ಕಾಲದಲ್ಲಿ ಯಾವ ಪದ ಕಳೆಯಿತೆಂದು ಕೇಳುವವರೇ ಇರಲಿಲ್ಲ, ಕಳೆದದ್ದು ಅಕ್ಷರಗಳೇ.

ಯಜಮಾನ ಹೋದ ಮೇಲೆ

ಹತ್ತು ವರ್ಷದ ಕೆಲಸ ಮೂವತ್ತಾರು ವರ್ಷವಾದರೂ ಮುಗಿಯಲಿಲ್ಲ. ಹೆನ್ರಿ ಬ್ರಾಡ್ಲಿ, ವಿಲಿಯಂ ಕ್ರೇಗಿ ಎಂಬ ಸಂಪಾದಕರು ಜೊತೆಯಾದರು. ಅವರ ತಂಡಗಳು 1901ರಲ್ಲಿ ಆಕ್ಸ್‌ಫರ್ಡಿನ ಹಳೆಯ ಆ್ಯಶ್‌ಮೋಲಿಯನ್ ಕಟ್ಟಡಕ್ಕೆ ಹೋದವು. ಮರ್ರೆ ಮಾತ್ರ ತಗಡಿನ ಕೋಣೆ ಬಿಡಲಿಲ್ಲ. 1908ರಲ್ಲಿ ಸರ್ ಪದವಿ ಬಂದ ಮೇಲೂ ಅದೇ ತೇವದ ಕೋಣೆ, ಅದೇ ಎತ್ತರದ ಮೇಜು. 1915ರ ಜುಲೈ 26ರಂದು, ‘ಟಿ’ ಅಕ್ಷರ ನಡೆಯುತ್ತಿದ್ದಾಗ, ಅವರು ತೀರಿಕೊಂಡರು. ನಿಘಂಟಿನ ಸುಮಾರು ಅರ್ಧ ಭಾಗವನ್ನು ಅವರೇ ಸಂಪಾದಿಸಿದ್ದರು.

ಮನೆಯಲ್ಲಿ ನಡೆಯುವ ಯಾವ ಕಚೇರಿಗೂ ನಿಜವಾದ ಪರೀಕ್ಷೆ ಇದೇ. ಕೋಲ್‌ರಿಜ್ ಸತ್ತಾಗ ಕೆಲಸ ಕುಂಟಿತು. ಫರ್ನಿವಾಲರ ಕ್ರಮ ಅವರು ಬದುಕಿದ್ದಾಗಲೇ ಕುಸಿಯಿತು. ಮರ್ರೆ ಹೋದ ಮೇಲೆ ಚೀಟಿಗಳನ್ನು ಆ್ಯಶ್‌ಮೋಲಿಯನ್ ಕಟ್ಟಡಕ್ಕೆ ಸಾಗಿಸಲಾಯಿತು. ಅಲ್ಲಿನವರು ಯಾರನ್ನೂ ಕೇಳದೆ ಕಟ್ಟು ಬಿಚ್ಚಿ, ನಿಂತಲ್ಲಿಂದ ಮುಂದುವರಿಸಬಹುದಾಗಿತ್ತು. ಮುಂದುವರಿಸಿದರು ಕೂಡ. ಮಹಾಯುದ್ಧದಿಂದ ಮರಳಿದ ಯುವಕ ಜೆ.ಆರ್.ಆರ್. ಟೋಲ್ಕೀನ್ 1919ರಲ್ಲಿ ಅಲ್ಲಿ ಸಹಾಯಕನಾಗಿ ಸೇರಿ ‘ಡಬ್ಲ್ಯು’ ಅಕ್ಷರದ ಪದಗಳ ಚೀಟಿ ಬಿಡಿಸುತ್ತಿದ್ದ. 1928ರಲ್ಲಿ ನಿಘಂಟು ಪೂರ್ಣವಾಯಿತು. 4,14,825 ಪದಗಳು, 18 ಲಕ್ಷಕ್ಕೂ ಮೀರಿದ ಪ್ರಯೋಗಗಳು, 15 ಸಾವಿರಕ್ಕೂ ಹೆಚ್ಚು ಪುಟ. 1980ರ ದಶಕದಲ್ಲಿ ಅದೆಲ್ಲ ಕಂಪ್ಯೂಟರಿಗೆ ಏರಿ, 1989ರಲ್ಲಿ 20 ಸಂಪುಟಗಳ ಎರಡನೇ ಆವೃತ್ತಿ ಬಂತು.

ಕನ್ನಡಕ್ಕೂ ಈ ಬಗೆಯ ದುಡಿಮೆ ಹೊಸದಲ್ಲ. ಮರ್ರೆ ಅವರ ಕಾಲದಲ್ಲೇ ಫರ್ಡಿನೆಂಡ್ ಕಿಟ್ಟೆಲ್ ಕಾವ್ಯ, ಗಾದೆ, ಆಡುಮಾತುಗಳಿಂದ ಪದ ಆರಿಸಿ ಕಟ್ಟಿದ ಕೋಶ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಶಾಸನ, ಕಾವ್ಯಗಳ ಪ್ರಯೋಗಗಳೊಡನೆ ಪದಗಳ ಚರಿತ್ರೆ ಹೇಳುವ ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು 1995ರಲ್ಲಿ ಮುಗಿಯಿತು. ಅದಕ್ಕೆ ದುಡಿದ ಜಿ. ವೆಂಕಟಸುಬ್ಬಯ್ಯನವರಂಥ ವಿದ್ವಾಂಸರ ಸಾಲು ದೊಡ್ಡದು. ದಶಕಗಳ ಕಾಲ ನಡೆದ ಆ ಕೆಲಸವೂ ಒಬ್ಬ ಸಂಪಾದಕರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತಲೇ ಬಂತು. ದಾಟಲು ಬರುವಂತೆ ಇಟ್ಟಿದ್ದರಿಂದ ದಾಟಿತು.

ಮೇಜು ಹೇಗಿರಬೇಕೆಂಬುದು ಅವರವರ ಸ್ವಭಾವಕ್ಕೆ, ಕೆಲಸಕ್ಕೆ, ಇರುವ ಜಾಗಕ್ಕೆ ಬಿಟ್ಟದ್ದು. ಗೂಡು ಮಾಡಿಸುವವರು ಮಾಡಿಸಲಿ, ಮೈನರ್ ಅವರಂತೆ ಪುಸ್ತಿಕೆ ಹೊಲಿಯುವವರು ಹೊಲಿಯಲಿ. ಆದರೆ ಯಾವ ಕಾಗದ ಎಲ್ಲಿದೆ ಎಂದು ಒಬ್ಬರಿಗೆ ಮಾತ್ರ ಗೊತ್ತಿರುವ ಕ್ರಮ ಆ ಒಬ್ಬರ ಜೊತೆಗೇ ಮುಗಿಯುತ್ತದೆ. ಐರ್ಲೆಂಡಿನ ಲಾಯದಲ್ಲಿ ಒಲೆ ಹೊತ್ತಿಸಿದವರು ಕೆಟ್ಟವರೇನಲ್ಲ. ಆ ಚೀಟಿಗಳು ಏನೆಂದು ಅವರಿಗೆ ಯಾರೂ ಹೇಳಿರಲಿಲ್ಲ.